ಎರಡು ದೇಶ, ಎರಡು ಲಾ ಡಿಗ್ರಿ: ಜರ್ಮನಿ–ಫ್ರಾನ್ಸ್ ಜೋಡಿ ಕೋರ್ಸ್‌ಗೆ ಸೇರುವ ಮುನ್ನ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಜರ್ಮನ್-ಫ್ರೆಂಚ್ ಜೋಡಿ ಪದವಿ ಮುಗಿಸಿದ ಮಾತ್ರಕ್ಕೆ ಯಾರೂ ಎರಡು ದೇಶದಲ್ಲಿ ವಕೀಲರಾಗುವುದಿಲ್ಲ. ಒಂದು ದೇಶದಲ್ಲೂ ಆಗುವುದಿಲ್ಲ! ಎರಡು ವಿಶ್ವವಿದ್ಯಾಲಯಗಳ ಡಿಗ್ರಿ ಕೈಗೆ ಬರುತ್ತದೆ, ನಿಜ. ಆದರೆ ಕೋರ್ಟಿನಲ್ಲಿ ನಿಂತು ವಾದ ಮಾಡುವ ಹಕ್ಕಿಗೆ ಬೇರೆಯೇ ಪರೀಕ್ಷೆಗಳಿವೆ. ಇದು ಗೊತ್ತಿಲ್ಲದೆ ಸೇರಿದವರು ಮೂರನೇ ವರ್ಷದಲ್ಲಿ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಗೊತ್ತಿದ್ದು ಸೇರಿದವರಿಗೆ ಮಾತ್ರ ಇದು ಯುರೋಪಿನ ಒಳ್ಳೆಯ ಲಾ ಓದುಗಳಲ್ಲಿ ಒಂದು. ಹಾಗಾಗಿ ಇಲ್ಲಿ ಕೊನೆಯಿಂದ ಶುರು ಮಾಡೋಣ.

ಮೊದಲ ಹೆಜ್ಜೆ: ಮುಂದೆ ಎಲ್ಲಿ ಕೆಲಸ ಮಾಡಬೇಕು ಅಂತ ಅಂದಾಜು ಮಾಡಿ

ಹದಿನೆಂಟು ವರ್ಷಕ್ಕೆ ಇದು ಖಚಿತವಾಗಿ ಗೊತ್ತಿರಬೇಕು ಅಂತೇನಿಲ್ಲ. ಆದರೆ ದಾರಿಗಳು ಎಲ್ಲಿ ಕವಲೊಡೆಯುತ್ತವೆ ಅಂತ ಗೊತ್ತಿರಬೇಕು.

ಜರ್ಮನಿಯಲ್ಲಿ ವಕೀಲರಾಗಲಿ, ಜಡ್ಜ್ ಆಗಲಿ, ಸರ್ಕಾರಿ ಅಭಿಯೋಜಕರಾಗಲಿ, ಎಲ್ಲರಿಗೂ ಒಂದೇ ದಾರಿ. ಮೊದಲ ಸ್ಟಾಟ್ಸ್‌ಎಕ್ಸಾಮೆನ್ ಎಂಬ ಸರ್ಕಾರಿ ಪರೀಕ್ಷೆ, ಆಮೇಲೆ ಎರಡು ವರ್ಷ ರೆಫರೆಂಡಾರಿಯಾಟ್ ಎಂಬ ತರಬೇತಿ, ಅದರ ಕೊನೆಗೆ ಎರಡನೇ ಸ್ಟಾಟ್ಸ್‌ಎಕ್ಸಾಮೆನ್. ಮೊದಲ ಪರೀಕ್ಷೆಯ ಅಂಕದಲ್ಲಿ ಶೇ. 70 ರಾಜ್ಯ ನಡೆಸುವ ಭಾಗದ್ದು, ಶೇ. 30 ವಿಶ್ವವಿದ್ಯಾಲಯದಲ್ಲಿ ನೀವು ಆರಿಸಿಕೊಂಡ ವಿಶೇಷ ವಿಷಯದ್ದು. ರಾಜ್ಯದ ಭಾಗದಲ್ಲಿ ಒಂದೊಂದು ಪತ್ರಿಕೆಯೂ ಐದು ಗಂಟೆ. ಎಷ್ಟೋ ಜನ ವರ್ಷಗಟ್ಟಲೆ ಓದಿದ ಮೇಲೂ ಇದಕ್ಕಾಗಿಯೇ ಒಂದು ವರ್ಷ ಖಾಸಗಿ ಟ್ಯೂಷನ್‌ಗೆ ಹೋಗುತ್ತಾರೆ. ಅದಕ್ಕೆ ರೆಪೆಟಿಟೋರಿಯುಮ್ ಅನ್ನುತ್ತಾರೆ. ನಮ್ಮ ಸಿಇಟಿ, ನೀಟ್ ಕೋಚಿಂಗ್ ನೋಡಿದವರಿಗೆ ಇದೇನೂ ಹೊಸದಲ್ಲ.

ಫ್ರಾನ್ಸಿನಲ್ಲಿ ಮೂರು ವರ್ಷದ ಲಿಸಾನ್ಸ್ ಎಂಬ ಮೊದಲ ಪದವಿ, ಆಮೇಲೆ ಮಾಸ್ಟರ್‌ನ ಎರಡು ವರ್ಷ, ಅಂದರೆ ಮಾಸ್ಟರ್ 1, ಮಾಸ್ಟರ್ 2. ವಕೀಲರಾಗಬೇಕಾದರೆ ವಕೀಲರ ಶಾಲೆಗೆ ಪ್ರವೇಶ ಪರೀಕ್ಷೆ ಬರೆಯಬೇಕು. ಇದಕ್ಕೆ ಮೂರೇ ಸಲ ಅವಕಾಶ. ಆ ಶಾಲೆಯಲ್ಲಿ ಸುಮಾರು 18 ತಿಂಗಳು ತರಬೇತಿ, ಕೊನೆಗೆ ಇನ್ನೊಂದು ಪರೀಕ್ಷೆ. ಮೊದಲು ಮಾಸ್ಟರ್ 1 ಇದ್ದರೆ ನಡೆಯುತ್ತಿತ್ತು. 2021ರ ಕಾನೂನು ಬದಲಾವಣೆಯ ನಂತರ, 2025ರಿಂದ ವಕೀಲರಾಗಲು ಪೂರ್ತಿ ಮಾಸ್ಟರ್ ಪದವಿಯೇ ಬೇಕು. ಜಡ್ಜ್‌ಗಳಿಗೆ ಬೋರ್ಡೋದಲ್ಲಿ ಬೇರೆಯೇ ಶಾಲೆ ಇದೆ.

ಎರಡೂ ದೇಶದಲ್ಲಿ ಜಡ್ಜ್ ಆಗಲು ಆ ದೇಶದ ಪೌರತ್ವ ಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಆ ಕನಸು ಕಾಣುವುದು ವ್ಯರ್ಥ.

ಈಗ ಲೆಕ್ಕ ಸುಲಭ. ಜರ್ಮನಿಯೇ ಗುರಿಯಾದರೆ, ಸ್ಟಾಟ್ಸ್‌ಎಕ್ಸಾಮೆನ್ ಓದನ್ನು ಜೊತೆಜೊತೆಗೇ ಮುಂದುವರಿಸಲು ಬಿಡುವ ಕೋರ್ಸ್ ಆರಿಸಿ. ಫ್ರಾನ್ಸ್ ಗುರಿಯಾದರೆ, ಮಾಸ್ಟರ್ 1ರವರೆಗೆ ಕರೆದೊಯ್ಯುವ ಕೋರ್ಸ್ ಒಳ್ಳೆಯದು. ಕಂಪನಿಯ ಕಾನೂನು ವಿಭಾಗ, ಯುರೋಪಿಯನ್ ಯೂನಿಯನ್‌ನ ಸಂಸ್ಥೆಗಳು, ಎರಡು ದೇಶದ ವ್ಯವಹಾರ ನೋಡುವ ದೊಡ್ಡ ಸಂಸ್ಥೆಗಳು ಮನಸ್ಸಿನಲ್ಲಿದ್ದರೆ ಜೋಡಿ ಪದವಿಯೇ ನಿಮ್ಮ ಬಂಡವಾಳ.

ಇನ್ನೊಂದು ಲಾಭದ ಬಗ್ಗೆ ಜನ ಜಾಸ್ತಿ ಮಾತಾಡುವುದಿಲ್ಲ. ಸ್ಟಾಟ್ಸ್‌ಎಕ್ಸಾಮೆನ್‌ನಲ್ಲಿ ಎರಡು ಸಲ ಫೇಲಾದರೆ ಸಾಮಾನ್ಯವಾಗಿ ಬಾಗಿಲು ಮುಚ್ಚಿದಂತೆ. ಹಳೇ ಪದ್ಧತಿಯಲ್ಲಿ ಐದಾರು ವರ್ಷ ಓದಿದವರ ಕೈಯಲ್ಲಿ ಆಗ ಒಂದು ಡಿಗ್ರಿಯೂ ಇರುತ್ತಿರಲಿಲ್ಲ. ಇತ್ತೀಚೆಗೆ ಕೆಲವು ರಾಜ್ಯಗಳು ನಡುವೆ ಬ್ಯಾಚುಲರ್ ಕೊಡಲು ಶುರು ಮಾಡಿವೆ. ಜೋಡಿ ಕೋರ್ಸ್ ಮಾಡಿದವರಿಗೆ ಈ ಭಯ ಕಡಿಮೆ. ಲಿಸಾನ್ಸ್ ಆಗಲೇ ಕೈಯಲ್ಲಿರುತ್ತದೆ. ನನ್ನ ಪ್ರಕಾರ ಈ ಓದಿಗೆ ಸೇರಲು ಇದೊಂದೇ ಕಾರಣ ಸಾಕು.

ಎರಡನೇ ಹೆಜ್ಜೆ: ಯಾವ ಊರಿನ ಜೋಡಿ?

ಜರ್ಮನ್-ಫ್ರೆಂಚ್ ವಿಶ್ವವಿದ್ಯಾಲಯ ಅಂತ ಒಂದಿದೆ. ಜರ್ಮನ್ನರು ಅದನ್ನು ಡಿಎಫ್‌ಎಚ್ ಅನ್ನುತ್ತಾರೆ, ಫ್ರೆಂಚರು ಯುಎಫ್‌ಎ ಅನ್ನುತ್ತಾರೆ. 1997ರಲ್ಲಿ ವೈಮಾರ್‌ನಲ್ಲಿ ಎರಡು ಸರ್ಕಾರಗಳು ಮಾಡಿಕೊಂಡ ಒಪ್ಪಂದದಿಂದ ಹುಟ್ಟಿದ ಸಂಸ್ಥೆ. ಕಚೇರಿ ಸಾರ್‌ಬ್ರ್ಯುಕನ್‌ನಲ್ಲಿದೆ. ಆದರೆ ಅಲ್ಲಿ ಕ್ಯಾಂಪಸ್ ಹುಡುಕಬೇಡಿ, ಕ್ಲಾಸ್‌ರೂಮ್ ಇಲ್ಲ. ಇದು ಎರಡು ದೇಶದ ವಿಶ್ವವಿದ್ಯಾಲಯಗಳನ್ನು ಜೋಡಿಸಿ, ಕೋರ್ಸಿನ ಗುಣಮಟ್ಟ ನೋಡಿ, ಹಣ ಕೊಡುವ ಜಾಲ. ಓದುವುದು ಆಯಾ ಊರಿನ ವಿಶ್ವವಿದ್ಯಾಲಯದಲ್ಲೇ. ಲಾ ಒಂದರಲ್ಲೇ ಹತ್ತಾರು ಜೋಡಿಗಳಿವೆ.

ಹೆಸರಾದದ್ದು ಕೊಲೋನ್ ಮತ್ತು ಪ್ಯಾರಿಸ್ 1 ಪಾಂತೆಯೋನ್-ಸೊರ್ಬೋನ್ ಜೋಡಿ. 1990ರಿಂದ ನಡೆಯುತ್ತಿದೆ. ಒಟ್ಟು ನಾಲ್ಕು ವರ್ಷ, ಒಂದೊಂದು ಊರಿನಲ್ಲಿ ಎರಡೆರಡು. ಎರಡೂ ದೇಶದ ಮಕ್ಕಳು ಒಂದೇ ತಂಡವಾಗಿ ಹೋಗುತ್ತಾರೆ, ಬರುತ್ತಾರೆ. ಒಬ್ಬರಿಗೆ ಜರ್ಮನ್ ಸಿವಿಲ್ ಕಾನೂನು ತಲೆಗೆ ಹೋಗದಿದ್ದರೆ ಪಕ್ಕದವರು ಹೇಳಿಕೊಡುತ್ತಾರೆ, ಮುಂದೆ ಪ್ಯಾರಿಸ್‌ನಲ್ಲಿ ಸಾಲ ತೀರಿಸಿಕೊಳ್ಳುತ್ತಾರೆ.

ಸಾರ್‌ಬ್ರ್ಯುಕನ್ ಬೇರೆ ಥರ. ಅಲ್ಲಿನ ವಿಶ್ವವಿದ್ಯಾಲಯದೊಳಗೆ 1955ರಿಂದ ಒಂದು ಫ್ರೆಂಚ್ ಕಾನೂನು ಕೇಂದ್ರ ಇದೆ. ಜರ್ಮನಿಯಲ್ಲೇ ಕೂತು, ಫ್ರೆಂಚ್ ಭಾಷೆಯಲ್ಲಿ, ಲಿಸಾನ್ಸ್‌ನ ಮೊದಲ ಎರಡು ವರ್ಷ ಓದಬಹುದು. ಮೂರನೇ ವರ್ಷಕ್ಕೆ ಗಡಿ ದಾಟಬೇಕು. ಮನೆ ಬಾಡಿಗೆಯೂ ದೊಡ್ಡ ಊರುಗಳಿಗಿಂತ ಕಡಿಮೆ. ದುಡ್ಡು ನೋಡಿ ಖರ್ಚು ಮಾಡುವ ಮನೆಯವರಿಗೆ ನಾನು ಇದನ್ನೇ ಮೊದಲು ಹೇಳುವುದು.

ಇನ್ನು ಪಾಟ್ಸ್‌ಡಾಮ್–ನಾಂತೇರ್, ಮ್ಯೂನಿಕ್–ಪ್ಯಾರಿಸ್ 2, ಡ್ಯುಸೆಲ್ಡಾರ್ಫ್–ಸೆರ್ಜಿ, ಮೈನ್ಸ್–ದಿಜೋನ್, ಬೈರಾಯ್ಟ್–ಬೋರ್ಡೋ, ಎರ್ಲಾಂಗೆನ್–ರೆನ್ ಇವೆ. ಬರ್ಲಿನ್‌ನ ಹುಂಬೋಲ್ಟ್ ವಿಶ್ವವಿದ್ಯಾಲಯ, ಪ್ಯಾರಿಸ್ 2 ಮತ್ತು ಲಂಡನ್‌ನ ಕಿಂಗ್ಸ್ ಕಾಲೇಜ್ ಸೇರಿ ಕಟ್ಟಿದ ಯುರೋಪಿಯನ್ ಲಾ ಸ್ಕೂಲ್ ಕೂಡ ಇದೆ. ಅದರ ಕಥೆಯೇ ಬೇರೆ.

ಹೆಸರು ನೋಡಿ ಆರಿಸಬೇಡಿ. ಪ್ರತಿ ಕೋರ್ಸಿಗೂ ಒಬ್ಬ ಸಂಯೋಜಕರು ಇರುತ್ತಾರೆ. ಅವರಿಗೆ ಇಮೇಲ್ ಬರೆದು ಮೂರು ವಿಷಯ ಕೇಳಿ. ಫ್ರಾನ್ಸಿನಲ್ಲಿ ಓದಿದ ಪತ್ರಿಕೆಗಳು ಸ್ಟಾಟ್ಸ್‌ಎಕ್ಸಾಮೆನ್‌ನ ವಿಶೇಷ ವಿಷಯಕ್ಕೆ, ಅಂದರೆ ಆ ಶೇ. 30ಕ್ಕೆ, ಲೆಕ್ಕಕ್ಕೆ ಬರುತ್ತವೆಯೇ? ಕೆಲವು ಕಡೆ ಬರುತ್ತವೆ, ಅದು ದೊಡ್ಡ ಹೊರೆ ಇಳಿಸಿದಂತೆ. ಬೇಗ ಪರೀಕ್ಷೆ ಬರೆದವರಿಗೆ ಕೊಡುವ ಒಂದು ಉಚಿತ ಪ್ರಯತ್ನ ಇದೆ, ಫೇಲಾದರೂ ಲೆಕ್ಕಕ್ಕಿಲ್ಲ. ಹೊರದೇಶದಲ್ಲಿ ಕಳೆದ ಸೆಮಿಸ್ಟರ್‌ಗಳನ್ನು ಅದರ ಗಡುವಿನಿಂದ ಬಿಡುತ್ತಾರೆಯೇ, ಎಷ್ಟು ಬಿಡುತ್ತಾರೆ? ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮೂರನೆಯದು, ನಡುವೆ ಕೋರ್ಸ್ ಬಿಟ್ಟರೆ ಮಾಮೂಲಿ ಲಾ ಓದಿಗೆ ಮರಳಬಹುದೇ? ಇಂಥ ಪ್ರಶ್ನೆ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬಿಡುವವರು ಇದ್ದೇ ಇರುತ್ತಾರೆ ಅಂತ ಅವರಿಗೂ ಗೊತ್ತು.

ಮೂರನೇ ಹೆಜ್ಜೆ: ಭಾಷೆ

ಎರಡೂ ಭಾಷೆ ಬೇಕು. ಇಂಗ್ಲಿಷ್‌ನಲ್ಲಿ ಹೇಗೋ ನಡೆಯುತ್ತದೆ ಅನ್ನುವವರಿಗೆ ಈ ಕೋರ್ಸ್ ಅಲ್ಲ. ಜರ್ಮನ್ ಕಡೆ ಸಾಮಾನ್ಯವಾಗಿ ಸಿ1 ಮಟ್ಟ, ಅಂದರೆ ಸರಾಗವಾಗಿ ಓದಿ ಬರೆದು ಮಾತಾಡುವಷ್ಟು, ಕೇಳುತ್ತಾರೆ. ಫ್ರೆಂಚ್ ಕಡೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಬಿ2 ಕನಿಷ್ಠ, ಸಿ1 ಇದ್ದರೆ ನೆಮ್ಮದಿ. ಹಲವು ಕೋರ್ಸ್‌ಗಳಲ್ಲಿ ಪ್ರಮಾಣಪತ್ರದ ಜೊತೆ ಸಂದರ್ಶನವೂ ಇದೆ. ಮನೆಯಲ್ಲಿ ಕನ್ನಡ ಮಾತಾಡುತ್ತ ಜರ್ಮನಿಯಲ್ಲೇ ಬೆಳೆದು, ಶಾಲೆಯಲ್ಲಿ ಅಬಿಬಾಕ್ ಎಂಬ ಎರಡು ದೇಶದ ಶಾಲಾ ಪರೀಕ್ಷೆ ಮಾಡಿದ ಮಕ್ಕಳಿಗೆ ಇದು ಹೇಳಿ ಮಾಡಿಸಿದ ದಾರಿ.

ಸಂದರ್ಶನಕ್ಕೆ ತಯಾರಾಗುವಾಗ ವ್ಯಾಕರಣ ಉರು ಹೊಡೆಯುವುದಕ್ಕಿಂತ ದಿನಾ ಒಂದು ಫ್ರೆಂಚ್, ಒಂದು ಜರ್ಮನ್ ಪತ್ರಿಕೆಯ ಸುದ್ದಿ ಓದಿ ಅದನ್ನು ಬಾಯಿಬಿಟ್ಟು ಎರಡು ನಿಮಿಷ ಹೇಳಿ. ಆ ವಾರ ನಡೆದ ಸಂಗತಿ ಬಗ್ಗೆ ನಿಮ್ಮ ಅಭಿಪ್ರಾಯ ಕೇಳುವುದು ಮಾಮೂಲು.

ನಾಲ್ಕನೇ ಹೆಜ್ಜೆ: ಅರ್ಜಿ

ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರ್‌ಗೆ ಸಾಮಾನ್ಯ ಗಡುವು ಜುಲೈ 15. ಜೋಡಿ ಕೋರ್ಸ್‌ಗಳ ಗಡುವು ಎಷ್ಟೋ ಕಡೆ ಅದಕ್ಕಿಂತ ಬೇಗ ಬರುತ್ತದೆ. ಫ್ರಾನ್ಸ್ ಕಡೆಯಿಂದ ಸೇರುವವರಿಗೆ ಪಾರ್ಕೂರ್‌ಸುಪ್ ಎಂಬ ಸರ್ಕಾರಿ ತಾಣ ಇದೆ. ಅಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಆಯ್ಕೆ ನಮೂದಿಸಬೇಕು. ಅಂದರೆ ಶಾಲೆಯ ಕೊನೆಯ ವರ್ಷದ ಡಿಸೆಂಬರ್‌ನಲ್ಲೇ ಯಾವ ಕಡೆಯಿಂದ ಸೇರುವುದು ಅಂತ ತೀರ್ಮಾನ ಆಗಿರಬೇಕು.

ಪ್ರೇರಣಾ ಪತ್ರದಲ್ಲಿ ‘ನನಗೆ ಯುರೋಪ್ ಅಂದರೆ ಇಷ್ಟ’ ಅಂತ ಬರೆಯಬೇಡಿ. ಎಲ್ಲರೂ ಅದನ್ನೇ ಬರೆಯುತ್ತಾರೆ. ನೀವು ಓದಿದ ಒಂದು ತೀರ್ಪು, ಒಂದು ಸುದ್ದಿ, ಎರಡು ದೇಶ ಬೇರೆ ಬೇರೆ ಥರ ನಿಭಾಯಿಸಿದ ಒಂದು ಸಮಸ್ಯೆ ಇಟ್ಟುಕೊಂಡು ಬರೆಯಿರಿ. ಒಂದು ಪುಟ ಸಾಕು.

ಸೇರಿದ ಮೇಲೂ ಒಂದು ಕೆಲಸ ಇದೆ. ಎರಡು ವಿಶ್ವವಿದ್ಯಾಲಯಗಳಲ್ಲಿ ಹೆಸರು ನೋಂದಾಯಿಸಿದ್ದು ಸಾಲದು, ಡಿಎಫ್‌ಎಚ್‌ನಲ್ಲೂ ನೋಂದಾಯಿಸಬೇಕು. ಮಾಡದಿದ್ದರೆ ಅವರ ಹಣವೂ ಇಲ್ಲ, ಪ್ರಮಾಣಪತ್ರವೂ ಇಲ್ಲ.

ಐದನೇ ಹೆಜ್ಜೆ: ಎರಡು ಥರ ಬರೆಯುವುದನ್ನು ಕಲಿಯಿರಿ

ನಿಜವಾದ ಕಷ್ಟ ಇಲ್ಲಿದೆ. ಭಾಷೆ ಬಂದರೆ ಸಾಕು ಅಂದುಕೊಂಡವರು ಇಲ್ಲೇ ಮುಗ್ಗರಿಸುತ್ತಾರೆ. ಒಂದು ಸಣ್ಣ ಪ್ರಕರಣ ನೋಡೋಣ.

ಪೀಟರ್ ತನ್ನ ಸೈಕಲ್ಲನ್ನು ಮಾರಿ ಎಂಬ ಹುಡುಗಿಗೆ ಮಾರಿದ. ದರ ಕುದುರಿತು, ದುಡ್ಡೂ ಕೊಟ್ಟಾಯಿತು. ‘ನಾಳೆ ಬಂದು ತಗೊಂಡು ಹೋಗ್ತೀನಿ’ ಅಂತ ಮಾರಿ ಮನೆಗೆ ಹೋದಳು. ಅದೇ ಸಂಜೆ ಲೂಯಿ ಬಂದು ಜಾಸ್ತಿ ದುಡ್ಡು ತೋರಿಸಿದ. ಪೀಟರ್ ಸೈಕಲ್ ಅವನ ಕೈಗೆ ಕೊಟ್ಟು ಕಳಿಸಿದ. ಈಗ ಸೈಕಲ್ ಯಾರದ್ದು?

ಜರ್ಮನಿಯಲ್ಲಿ 1900ರಿಂದ ಜಾರಿಯಲ್ಲಿರುವ ಬಿಜಿಬಿ ಎಂಬ ನಾಗರಿಕ ಸಂಹಿತೆ ಇದೆ. ಅದರ ಪ್ರಕಾರ ಮಾರಾಟದ ಒಪ್ಪಂದ ಒಂದು, ಒಡೆತನ ಕೈಬದಲಾಗುವುದು ಇನ್ನೊಂದು. ಕಲಂ 433ರ ಒಪ್ಪಂದದಿಂದ ಪೀಟರ್‌ಗೆ ಸೈಕಲ್ ಕೊಡುವ ಹೊಣೆ ಮಾತ್ರ ಬರುತ್ತದೆ. ಕಲಂ 929ರಂತೆ ವಸ್ತು ಕೈಗೆ ಕೊಟ್ಟು, ಒಡೆತನ ದಾಟಲಿ ಅಂತ ಇಬ್ಬರೂ ಒಪ್ಪಿದಾಗ ಮಾತ್ರ ಅದು ದಾಟುತ್ತದೆ. ಮಾರಿಯ ಕೈಗೆ ಸೈಕಲ್ ಬರಲೇ ಇಲ್ಲ. ಸಂಜೆಯವರೆಗೂ ಪೀಟರನೇ ಒಡೆಯ. ಒಡೆಯನಿಂದಲೇ ಕೊಂಡ ಲೂಯಿ ಈಗ ಒಡೆಯ. ಮಾರಿಗೆ ಉಳಿದದ್ದು ಪೀಟರ್‌ನಿಂದ ಪರಿಹಾರ ಕೇಳುವ ಹಕ್ಕು.

ಫ್ರಾನ್ಸಿನಲ್ಲಿ 1804ರ ಕೋಡ್ ಸಿವಿಲ್ ಇದೆ. ಅಲ್ಲಿ ಮಾತು ಕೂಡಿದ ಕ್ಷಣಕ್ಕೇ ಸೈಕಲ್ ಮಾರಿಯದ್ದಾಯಿತು. ಹಾಗಾದರೆ ಪೀಟರ್ ಸಂಜೆ ಮಾರಿದ್ದು ತನ್ನದಲ್ಲದ ವಸ್ತು! ಆದರೂ ಲೂಯಿ ಗೆಲ್ಲಬಹುದು. 2016ರ ತಿದ್ದುಪಡಿಯ ನಂತರದ ಕಲಂ 1198ರ ಪ್ರಕಾರ ಒಂದೇ ವಸ್ತುವನ್ನು ಇಬ್ಬರು ಕೊಂಡಿದ್ದರೆ, ಮೊದಲು ಕೈಗೆ ತೆಗೆದುಕೊಂಡವರದ್ದೇ ಮೇಲು. ಆದರೆ ಅವರಿಗೆ ಒಳ್ಳೆಯ ನಂಬಿಕೆ ಇರಬೇಕು. ಮಾರಿಗೆ ಮಾರಿದ ವಿಷಯ ಲೂಯಿಗೆ ಮೊದಲೇ ಗೊತ್ತಿದ್ದರೆ ಅವನು ಸೋತ. ಜರ್ಮನಿಯಲ್ಲಿ ಅವನಿಗೆ ಗೊತ್ತಿದ್ದರೂ ಒಡೆತನದ ಲೆಕ್ಕ ಸಾಮಾನ್ಯವಾಗಿ ಬದಲಾಗುವುದಿಲ್ಲ.

ಲೂಯಿಗೆ ಏನೂ ಗೊತ್ತಿರಲಿಲ್ಲ ಅಂದರೆ ಎರಡೂ ದೇಶದಲ್ಲಿ ಸೈಕಲ್ ಅವನದ್ದೇ. ಆದರೆ ಉತ್ತರ ಸರಿ ಬಂದ ಮಾತ್ರಕ್ಕೆ ಅಂಕ ಬರುವುದಿಲ್ಲ. ಅಲ್ಲಿಗೆ ತಲುಪಿದ ದಾರಿಗೆ ಅಂಕ.

ಜರ್ಮನ್ ಉತ್ತರಪತ್ರಿಕೆಯಲ್ಲಿ ತೀರ್ಮಾನ ಮೊದಲೇ ಬರೆಯುವಂತಿಲ್ಲ. ‘ಲೂಯಿ ಒಡೆಯನಾಗಿರಬಹುದು’ ಅಂತ ಶಂಕೆಯಿಂದ ಶುರು. ಅದಕ್ಕೆ ಏನೇನು ಬೇಕು, ಒಂದೊಂದರ ವ್ಯಾಖ್ಯೆ ಏನು, ಈ ಪ್ರಕರಣದಲ್ಲಿ ಅದು ಇದೆಯೇ, ಇದ್ದರೆ ಮುಂದಿನ ಮೆಟ್ಟಿಲು. ಪ್ರತಿ ಮೆಟ್ಟಿಲಲ್ಲೂ ಇದೇ ನಾಲ್ಕು ಹೆಜ್ಜೆ. ಇದಕ್ಕೆ ಗುಟಾಖ್ಟೆನ್ ಶೈಲಿ ಅನ್ನುತ್ತಾರೆ. ಓದಲು ಬೇಜಾರು, ಆದರೆ ಒಂದು ಕೊಂಡಿಯೂ ತಪ್ಪುವುದಿಲ್ಲ. ಪಕ್ಕದಲ್ಲಿ ಕೆಂಪು ರಟ್ಟಿನ ದಪ್ಪ ಕಾನೂನು ಸಂಗ್ರಹ. ಹಿಂದೆ ಅದರ ಹೆಸರು ಶ್ಯೋನ್‌ಫೆಲ್ಡರ್. ಆತ ನಾಜಿ ಪಕ್ಷದವನಾಗಿದ್ದ ಅನ್ನುವ ಕಾರಣಕ್ಕೆ 2021ರಲ್ಲಿ ಹೆಸರು ಬದಲಿಸಿ ಹಾಬರ್‌ಸಾಕ್ ಮಾಡಿದರು. ಹಳಬರ ಬಾಯಲ್ಲಿ ಇನ್ನೂ ಹಳೇ ಹೆಸರೇ ಬರುತ್ತದೆ.

ಫ್ರಾನ್ಸಿನಲ್ಲಿ ಪ್ರಕರಣ ಬಿಡಿಸುವ ಪ್ರಶ್ನೆ ಬಂದರೆ ಜರ್ಮನಿಯಿಂದ ಬಂದವರಿಗೆ ಅಷ್ಟು ಕಷ್ಟವಿಲ್ಲ. ಪ್ರಬಂಧವೋ ತೀರ್ಪಿನ ವಿಮರ್ಶೆಯೋ ಬಂದರೆ ಮಾತ್ರ ಬೆವರು. ಪೀಠಿಕೆ, ಅದರ ಕೊನೆಗೆ ಒಂದೇ ಒಂದು ಪ್ರಶ್ನೆ, ಆಮೇಲೆ ಎರಡು ಭಾಗ, ಪ್ರತಿ ಭಾಗಕ್ಕೆ ಎರಡು ಉಪಭಾಗ. ಒಂದು-ಎ, ಒಂದು-ಬಿ, ಎರಡು-ಎ, ಎರಡು-ಬಿ. ಮೂರು ಭಾಗ ಮಾಡಿದರೆ ಮೇಷ್ಟ್ರ ಹುಬ್ಬು ಗಂಟಿಕ್ಕುತ್ತದೆ. ಪೀಠಿಕೆಯೇ ಉದ್ದ ಇರುತ್ತದೆ. ಉಪಸಂಹಾರ ಸಾಮಾನ್ಯವಾಗಿ ಬರೆಯುವುದಿಲ್ಲ. ಶೀರ್ಷಿಕೆಗಳನ್ನಷ್ಟೇ ಓದಿದರೂ ನಿಮ್ಮ ವಾದ ಏನು ಅಂತ ಗೊತ್ತಾಗಬೇಕು. ಇದು ಸುಮ್ನೆ ಹಠ ಅನ್ನಿಸುತ್ತದೆ. ನನಗೂ ಒಂದಷ್ಟು ಹಠ ಅಂತಲೇ ಅನ್ನಿಸುತ್ತದೆ. ಆದರೆ ಎರಡೇ ಭಾಗದಲ್ಲಿ ಹೇಳಬೇಕು ಅಂದಾಗ ಯಾವುದು ಮುಖ್ಯ ಅಂತ ಆರಿಸಲೇಬೇಕಾಗುತ್ತದೆ.

ತೀರ್ಪುಗಳಲ್ಲೂ ಇದೇ ವ್ಯತ್ಯಾಸ. ಜರ್ಮನಿಯ ಸರ್ವೋಚ್ಚ ನ್ಯಾಯಾಲಯ ಪುಟಗಟ್ಟಲೆ ಬರೆಯುತ್ತದೆ, ವಿದ್ವಾಂಸರ ಹೆಸರು ಹೇಳಿ ಒಪ್ಪುತ್ತದೆ, ಜಗಳವಾಡುತ್ತದೆ. ಫ್ರಾನ್ಸಿನ ಸರ್ವೋಚ್ಚ ನ್ಯಾಯಾಲಯವಾದ ಕೂರ್ ದ ಕಸಾಸಿಯೋನ್‌ನ ತೀರ್ಪು ಚಿಕ್ಕದು. 2019ರವರೆಗೆ ಅದನ್ನು ಒಂದೇ ಉದ್ದ ವಾಕ್ಯದಲ್ಲಿ ಬರೆಯುತ್ತಿದ್ದರು. ಹಳೇ ತೀರ್ಪುಗಳನ್ನೂ ಓದಬೇಕಾಗುತ್ತದಲ್ವಾ, ಹಾಗಾಗಿ ಆ ಶೈಲಿ ರೂಢಿ ಮಾಡಿಕೊಳ್ಳಿ.

ಕ್ಲಾಸಿನ ವಾತಾವರಣ ಕೂಡ ಬೇರೆ. ಫ್ರಾನ್ಸಿನಲ್ಲಿ ನೂರಾರು ಜನ ಕೂತ ಆಂಫಿಯಲ್ಲಿ, ಅಂದರೆ ದೊಡ್ಡ ಉಪನ್ಯಾಸ ಸಭಾಂಗಣದಲ್ಲಿ, ಪ್ರೊಫೆಸರ್ ಮಾತಾಡುತ್ತಾರೆ, ಎಲ್ಲರೂ ಅಕ್ಷರ ಬಿಡದೆ ಟೈಪ್ ಮಾಡುತ್ತಾರೆ. ಜೊತೆಗೆ ಟಿಡಿ ಎಂಬ ಸಣ್ಣ ತರಗತಿಗಳು. ಹಾಜರಿ ಕಡ್ಡಾಯ, ಪ್ರತಿ ವಾರ ಬರೆದು ತರಬೇಕು, ವರ್ಷವಿಡೀ ಅಂಕ. ಜರ್ಮನಿಯಲ್ಲಿ ಕ್ಲಾಸಿಗೆ ಬಂದಿರಾ ಅಂತ ಯಾರೂ ಕೇಳುವುದಿಲ್ಲ. ಬದಲಿಗೆ ರಜೆಯಲ್ಲಿ ಮನೆಯಲ್ಲಿ ಕೂತು ಹತ್ತಿಪ್ಪತ್ತು ಪುಟದ ಪ್ರಬಂಧ ಬರೆಯಬೇಕು, ಮತ್ತೆ ರಜೆಯಲ್ಲೇ ಒಟ್ಟು ಮೂರು ತಿಂಗಳ ಇಂಟರ್ನ್‌ಶಿಪ್ ಮುಗಿಸಬೇಕು. ಫ್ರಾನ್ಸಿನ ಬೇಸಿಗೆ ರಜೆಯನ್ನು ಇದಕ್ಕೇ ಇಟ್ಟುಕೊಳ್ಳಿ.

ಅಂಕದ ಬಗ್ಗೆ ಊರಿನ ಅಪ್ಪ-ಅಮ್ಮನಿಗೆ ಮೊದಲೇ ಹೇಳಿಡಿ. ಜರ್ಮನ್ ಲಾದಲ್ಲಿ 18ಕ್ಕೆ ಅಂಕ. 4 ಬಂದರೆ ಪಾಸ್. ಸ್ಟಾಟ್ಸ್‌ಎಕ್ಸಾಮೆನ್‌ನಲ್ಲಿ 9 ಬಂದವರನ್ನು ದೊಡ್ಡ ಸಂಸ್ಥೆಗಳು ಕೈಬೀಸಿ ಕರೆಯುತ್ತವೆ. ಫ್ರಾನ್ಸಿನಲ್ಲಿ 20ಕ್ಕೆ 10 ಪಾಸ್, 12 ಚೆನ್ನಾಗಿದೆ, 14 ಬಂದರೆ ಸಿಹಿ ಹಂಚಬಹುದು. ‘ಅರ್ಧಕ್ಕರ್ಧ ಅಂಕ ತೆಗೆದಿದ್ದಾನೆ’ ಅಂತ ಫೋನಿನಲ್ಲಿ ಬೈಸಿಕೊಳ್ಳುವುದು ತಪ್ಪುತ್ತದೆ.

ಆರನೇ ಹೆಜ್ಜೆ: ದುಡ್ಡು

ಶುಲ್ಕಕ್ಕಿಂತ ಬದುಕಿನ ಖರ್ಚು ದೊಡ್ಡದು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್ ವಂತಿಗೆ ಮಾತ್ರ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ಯುರೋಪಿಯನ್ ಯೂನಿಯನ್ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೋ ತೆಗೆದುಕೊಳ್ಳುತ್ತ ಬಂದಿದ್ದಾರೆ. ಫ್ರಾನ್ಸಿನಲ್ಲಿ ಯೂನಿಯನ್ ಒಳಗಿನವರಿಗೆ ಲಿಸಾನ್ಸ್‌ಗೆ ವರ್ಷಕ್ಕೆ 200 ಯೂರೋ ಒಳಗೆ, ಹೊರಗಿನವರಿಗೆ 2,900ರ ಆಸುಪಾಸು. ಒಪ್ಪಂದದ ಕೋರ್ಸ್‌ಗಳಲ್ಲಿ ಸಾಮಾನ್ಯವಾಗಿ ಒಂದು ಕಡೆ ಮಾತ್ರ ಶುಲ್ಕ ಕಟ್ಟಿದರೆ ಸಾಕು. ಯಾವ ಕಡೆ, ಎಷ್ಟು ಅಂತ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ಹೊರದೇಶದ ಅವಧಿಯಲ್ಲಿ ಡಿಎಫ್‌ಎಚ್ ತಿಂಗಳಿಗೆ 300ರಿಂದ 350 ಯೂರೋ ನೆರವು ಕೊಡುತ್ತದೆ. ವಾಪಸ್ ಕೊಡಬೇಕಾಗಿಲ್ಲ. ಪ್ಯಾರಿಸ್‌ನಲ್ಲಿ ಇದು ಅರ್ಧ ಬಾಡಿಗೆಗೂ ಸಾಲದು. ದಿಜೋನ್, ರೆನ್‌ನಂಥ ಊರಲ್ಲಿ ಬಹಳ ದೂರ ಬರುತ್ತದೆ. ವಿದ್ಯಾರ್ಥಿನಿಲಯಕ್ಕೆ ಅರ್ಜಿಯನ್ನು ಸೀಟು ಖಚಿತವಾದ ದಿನವೇ ಹಾಕಿ.

ಕರ್ನಾಟಕದಿಂದ ಹೊರಡುವವರಿಗೆ

ಪಿಯುಸಿ ಮುಗಿಸಿ ನೇರವಾಗಿ ಸೇರುವುದು ಕಷ್ಟ. ಜರ್ಮನಿಯ ಲೆಕ್ಕದಲ್ಲಿ ಹನ್ನೆರಡನೇ ತರಗತಿ ಒಂದೇ ಸಾಲದು. ಇಲ್ಲಿ ಡಿಗ್ರಿ ಕಾಲೇಜಿನಲ್ಲಿ ಒಂದು ವರ್ಷ ಪಾಸಾಗಿರಬೇಕು, ಇಲ್ಲವೇ ಅಲ್ಲಿ ಸ್ಟುಡಿಯನ್‌ಕೊಲೆಗ್ ಎಂಬ ಪೂರ್ವತಯಾರಿ ವರ್ಷ ಮಾಡಬೇಕು. ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ 2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರ, ಅಂದರೆ ನಿಮ್ಮ ಅಂಕಪಟ್ಟಿಗಳು ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ, ಕಡ್ಡಾಯ. ಖರ್ಚಿಗೆ ವರ್ಷಕ್ಕೆ 11,904 ಯೂರೋವನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆಯಲ್ಲಿ, ತೋರಿಸಬೇಕು. ಈ ಮೊತ್ತ ಆಗಾಗ ಏರುತ್ತದೆ. ಫ್ರಾನ್ಸ್ ವೀಸಾಕ್ಕೆ ತಿಂಗಳಿಗೆ 615 ಯೂರೋ ಲೆಕ್ಕ. ಇನ್ನೊಂದು ದೇಶಕ್ಕೆ ದಾಟುವಾಗ ನಿವಾಸ ಪರವಾನಗಿಯ ಕಾಗದ ಮತ್ತೆ ಮಾಡಿಸಬೇಕು, ಅದಕ್ಕೆ ಕೆಲವು ತಿಂಗಳು ಮೊದಲೇ ಕೈ ಹಾಕಿ.

ಭಾಷೆಗೆ ಬೆಂಗಳೂರಿನಲ್ಲೇ ದಾರಿ ಇದೆ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್, ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಫ್ರೆಂಚ್. ಸೊನ್ನೆಯಿಂದ ಎರಡನ್ನೂ ಒಟ್ಟಿಗೆ ಶುರು ಮಾಡಿ ಎರಡು ವರ್ಷದಲ್ಲಿ ಸಿ1 ತಲುಪುವುದು ಆಗುವ ಮಾತಲ್ಲ. ಒಂದನ್ನು ಗಟ್ಟಿ ಮಾಡಿಕೊಂಡು ಆಮೇಲೆ ಇನ್ನೊಂದಕ್ಕೆ ಹೋಗಿ.

ಇಷ್ಟೆಲ್ಲ ಓದಿ ಭಾರತಕ್ಕೆ ಮರಳಿ ವಕೀಲಿ ಮಾಡುವ ಯೋಚನೆ ಇದ್ದರೆ ಇನ್ನೂ ಎಚ್ಚರ ಬೇಕು. 1961ರ ಅಡ್ವೊಕೇಟ್ಸ್ ಆಕ್ಟ್ ಪ್ರಕಾರ ಹೊರದೇಶದ ಪದವಿಗೆ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಮಾನ್ಯತೆ ಬೇಕು. ನಿಮ್ಮ ಕೋರ್ಸಿಗೆ ಅದು ಸಿಗುತ್ತದೆ ಅಂತ ಅಂದುಕೊಂಡು ಹೊರಡಬೇಡಿ, ಹೊರಡುವ ಮುನ್ನ ಪತ್ರ ಬರೆದು ಉತ್ತರ ಪಡೆಯಿರಿ. ಹಾಗೆ ನೋಡಿದರೆ ಕರ್ನಾಟಕದಲ್ಲಿ ಐದು ವರ್ಷದ ಬಿಎ ಎಲ್‌ಎಲ್‌ಬಿ ಮುಗಿಸಿ, ಸನ್ನದು ಮಾಡಿಸಿಕೊಂಡು, ಆಮೇಲೆ ಮಾಸ್ಟರ್ ಮಟ್ಟದಲ್ಲಿ ಎರಡು ದೇಶ ನೋಡುವುದು ಹೆಚ್ಚು ಸುರಕ್ಷಿತ. ಜರ್ಮನಿಯ ಹಲವು ವಿಶ್ವವಿದ್ಯಾಲಯಗಳಲ್ಲಿ ಹೊರದೇಶದ ಲಾ ಪದವೀಧರರಿಗೆಂದೇ ಒಂದು ವರ್ಷದ ಎಲ್‌ಎಲ್‌ಎಂ ಇದೆ. ಡಿಎಫ್‌ಎಚ್ ಜಾಲದಲ್ಲೂ ಮಾಸ್ಟರ್ ಮಟ್ಟದ ಜೋಡಿಗಳಿವೆ. ಆ ಅರ್ಜಿಗೆ ನಿಮ್ಮ ಪ್ರತಿ ಸೆಮಿಸ್ಟರ್‌ನ ಅಂಕಪಟ್ಟಿಯ ಜೊತೆ ಪಠ್ಯಕ್ರಮದ ಪ್ರತಿಯನ್ನೂ ಕೇಳುವುದುಂಟು. ಕಾಲೇಜು ಬಿಡುವ ಮುನ್ನವೇ ಆಫೀಸಿನಲ್ಲಿ ಸೀಲು ಹಾಕಿಸಿ ತೆಗೆದಿಟ್ಟುಕೊಳ್ಳಿ.